ಅಟ್ಟದ ಮೇಸ್ತ್ರಿಯ ಮರಳುಗಾಡು

ಆಟಿ ತಿಂಗಳ ಜಡಿಮಳೆಯ ಮಂಗಳೂರಿನಲ್ಲಿ ಗರಿಗರಿಯಾದ ಪಂಚೆ ಉಟ್ಟು ತಿರುಗುತ್ತಿದ್ದವರನ್ನು ನಾನು ನೋಡಿದ್ದು ಒಬ್ಬರನ್ನೇ. ಉಳಿದ ನಾವೆಲ್ಲ, ವಕೀಲರಿರಲಿ ಸಾಹುಕಾರರಿರಲಿ, ಆ ದಿನಗಳಲ್ಲಿ ಅರೆಬರೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆ ಹೊತ್ತುಕೊಂಡೇ ಓಡಾಡುವ ಜನ. ಅವರು ಮಾತ್ರ ಈಗಷ್ಟೇ ಇಸ್ತ್ರಿಪೆಟ್ಟಿಗೆಯ ಅಡಿಯಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಅದರಲ್ಲಿ ಪವಾಡವೇನೂ ಇರಲಿಲ್ಲ. ಹೊಳೆಯ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಅವರು ಅಟ್ಟದ ಮೇಸ್ತ್ರಿ. ಕೆಳಗೆ ಬಿಡುವಿಲ್ಲದೆ ಉರಿಯುವ ಭಟ್ಟಿ. ಅದರ ಕಾವು ಏರಿ ಬರುವಲ್ಲಿ ಎರಡು ಅಂತಸ್ತಿನ ಮರದ ಅಟ್ಟ. ಅಟ್ಟದ ತುಂಬ ಸಾಲುಸಾಲು ಹಲಗೆಗಳ ಮೇಲೆ ಒಣಗಲು ಇಟ್ಟ ಹಸಿ ಹಂಚು. ಹೊರಗೆ ಊರೇ ಕೊಚ್ಚಿಹೋಗುವಂತೆ ಮಳೆ ಹೊಡೆಯುವಾಗಲೂ ಅಲ್ಲಿ ಬೇಸಗೆಯ ಮಧ್ಯಾಹ್ನ.

ಅವರು ಹೋದ ತಿಂಗಳು ತೀರಿಕೊಂಡರು. ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಸುದ್ದಿ ಕೇಳಿದೊಡನೆ ನನಗೆ ಹುಟ್ಟಿದ ಮೊದಲನೆಯ ಚಿಂತೆ, ಈ ಮಳೆಯಲ್ಲಿ ಒಣ ಸೌದೆಗೆ ಎಲ್ಲಿಗೆ ಹೋಗುವುದು ಎಂಬುದು. ದುಃಖ ಆಮೇಲೆ ಬಂತು. ನನ್ನಲ್ಲಿ ಯಾವಾಗಲೂ ಚಿಂತೆ ಮುಂದಿನ ಬಾಗಿಲಿನಿಂದ ಬರುತ್ತದೆ, ಉಳಿದದ್ದೆಲ್ಲ ಅದರ ಹಿಂದೆ. ಆದರೆ ನಾನು ಕೊಡೆ ಹುಡುಕುವಷ್ಟರಲ್ಲಿ ಕಾರ್ಖಾನೆಯಿಂದ ಒಂದು ಗಾಡಿ ಭಟ್ಟಿಯ ಸೌದೆ, ಮೇಲೆ ಮೇಣಗಪ್ಪಡ ಹೊದಿಸಿಕೊಂಡು, ಅವರ ಮನೆಯಂಗಳಕ್ಕೆ ಹೋಗಿ ಆಗಿತ್ತು. ಬೆಂಕಿ ಒಂದೇ ಸಲಕ್ಕೆ ಹಿಡಿಯಿತು. ಸೌದೆಯನ್ನು ಅವರೇ ಒಮ್ಮೆ ಕೈಯಾಡಿಸಿ ನೋಡಿ ಕಳುಹಿಸಿದ ಹಾಗಿದೆ ಎಂದು ನನ್ನ ಪಕ್ಕದಲ್ಲಿದ್ದವನು ಹೇಳಿದ. ಯಾರಿಗೂ ಅದು ತಮಾಷೆ ಎನಿಸಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ. ಹಾಜರಿ ಪುಸ್ತಕದಲ್ಲಿ ಅದನ್ನು ಬರೆಯುತ್ತಿದ್ದ ನನಗೇ ಪ್ರತಿ ತಿಂಗಳು ಒಂದು ಕ್ಷಣ ಇದು ಯಾರು ಎಂದಾಗುತ್ತಿತ್ತು. ನಾನಾಗ ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್. ಅವರಿಗೆ ನಾನು 'ರೈಟರೇ'. ನಾನು ಅವರಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನಾದರೂ, ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವನೆಂಬ ಕಾರಣಕ್ಕೆ, ಅವರು ಬಹುವಚನ ಬಿಟ್ಟವರಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡಕ್ಕೆ ತರುವಾಗ ಅವರ ದನಿಗೂ ಸ್ವಲ್ಪ ಇಸ್ತ್ರಿ ಬಿದ್ದಂತಾಗುತ್ತದೆ. ಅದನ್ನು ಅವರು ಕ್ಷಮಿಸಬೇಕು.

ನಮ್ಮ ಸ್ನೇಹ ಶುರುವಾದದ್ದು ಮಗುವಿನ ಬಟ್ಟೆಗಳಿಂದ. ನನ್ನ ಮೊದಲ ಮಗ, ತಂದೆಯನ್ನು ಪೇಚಿಗೆ ಸಿಕ್ಕಿಸಬೇಕೆಂಬ ಹಟದಿಂದಲೋ ಎಂಬಂತೆ, ಜಡಿಮಳೆಯ ನಡುವೆ ಹುಟ್ಟಿದ. ಕುಲಶೇಖರದ ನಮ್ಮ ಬಾಡಿಗೆ ಮನೆಯಲ್ಲಿ ಒಲೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ನನ್ನ ಕೊಡೆಯ ಕಡ್ಡಿಗಳ ಮೇಲೆ ತುಂಡು ಬಟ್ಟೆಗಳು ನೇತಾಡುತ್ತಿದ್ದವು; ಒಂದೂ ಒಣಗುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಮಗುವಿಗೆ ಶೀತ, ಶೀತದಿಂದ ಜ್ವರ, ಜ್ವರದಿಂದ ಇನ್ನೇನೋ ಎಂದು ನಾನು ಲೆಡ್ಜರಿನ ಮುಂದೆ ಕೂತು ಮಗನ ಆಯುಷ್ಯವನ್ನು ಕಳೆಯುತ್ತಿದ್ದೆ. ಆಫೀಸಿನ ಮೆಟ್ಟಿಲ ಬಳಿ ನನ್ನ ಮುಖ ನೋಡಿದ ಮೇಸ್ತ್ರಿ ಸಂಗತಿ ಕೇಳಿದರು. ಮರುದಿನ ಗಂಟು ಕಟ್ಟಿ ತರಲು ಹೇಳಿದರು. ನಾನು ತಂದದ್ದನ್ನು ಅಟ್ಟಕ್ಕೆ ಒಯ್ದು ಹಸಿ ಹಂಚಿನ ಸಾಲುಗಳ ನಡುವೆ ಒಂದೊಂದೇ ಹರವಿದರು. ಮಧ್ಯಾಹ್ನಕ್ಕೆ ಮಡಿಸಿ ಕೊಟ್ಟಾಗ ಅವು ಹಪ್ಪಳದಂತಿದ್ದವು. ಆ ಮಳೆಗಾಲ ಪೂರ್ತಿ ನಾನು ದಿನವೂ ಒಂದು ಕಂಕುಳಲ್ಲಿ ಕಡತ, ಇನ್ನೊಂದರಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕೆಲಸಕ್ಕೆ ಬಂದೆ. ಧಣಿಗಳು ಒಮ್ಮೆ ಗಂಟು ನೋಡಿ ಇದೇನೆಂದು ಕೇಳಿದಾಗ ಮೇಸ್ತ್ರಿಯೇ ಮುಂದೆ ಬಂದು, ಹೊಸ ನಮೂನೆಯ ಹಂಚು, ಇನ್ನೂ ಪರೀಕ್ಷೆಯಲ್ಲಿದೆ ಎಂದರು.

ಒಣಗಿಸುವುದು ಸುಲಭದ ಕೆಲಸವೆಂದು ನಾನು ತಿಳಿದಿದ್ದೆ: ಕಾವಿಗೆ ಇಟ್ಟರಾಯಿತು. ಅವರು ಹಾಗೆ ತಿಳಿದವರನ್ನು ಕನಿಕರದಿಂದ ನೋಡುತ್ತಿದ್ದರು. ಹಸಿ ಹಂಚು ಬೇಗ ಒಣಗಿದರೆ ಸೀಳುತ್ತದೆ, ತಡವಾದರೆ ಡೊಂಕಾಗುತ್ತದೆ. ಭಟ್ಟಿಯಿಂದ ದೂರದ ಹಲಗೆಯಲ್ಲಿ ಶುರು ಮಾಡಿ ದಿನಕ್ಕಿಷ್ಟೆಂದು ಹತ್ತಿರ ತರಬೇಕು. ಎಷ್ಟು ಒಣಗಿದೆ ಎಂದು ನೋಡಲು ಅವರು ಹಂಚನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು, ಕಣ್ಣು ಮುಚ್ಚಿ, ಪಕ್ಕದ ಮನೆಯ ಮಾತು ಕೇಳುವವರಂತೆ. ಸಂಜೆ ಇಳಿದು ಬರುವಾಗ ಬಲಗೆನ್ನೆ ಮಾತ್ರ ಕೆಂಪಗಿರುತ್ತಿತ್ತು. ಹೊಸಬರು ಅವರ ಹೆಂಡತಿ ಎಡಗೈಯವಳಿರಬೇಕೆಂದು ಪಿಸುಗುಟ್ಟುತ್ತಿದ್ದರು. ಪಾಪ, ಅವರಿಗೆ ಮದುವೆಯೇ ಆಗಿರಲಿಲ್ಲ.

ಅಟ್ಟದಲ್ಲಿ ಅವರದೊಂದು ಕಟ್ಟಳೆ ಇತ್ತು. ಅಲ್ಲಿಗೆ ಯಾರೂ ನೀರು ತರಬಾರದು. ಚೊಂಬಿಲ್ಲ, ಕೊಡಪಾನವಿಲ್ಲ, ಗಂಜಿಯ ತೂಕುಪಾತ್ರೆ ಕೂಡ ಇಲ್ಲ. ಬಾಯಾರಿದವರು ಅರುವತ್ತು ಮೆಟ್ಟಿಲು ಇಳಿದು ಬಾವಿಕಟ್ಟೆಯಲ್ಲಿ ಕುಡಿದು ಬಾಯಿ ಒರೆಸಿಕೊಂಡು ಮೇಲೆ ಬರಬೇಕು. ಒಮ್ಮೆ ಧಣಿಗಳ ಅಳಿಯ ಎಳನೀರು ಕುಡಿಯುತ್ತ ಮೇಲೆ ಬಂದಾಗ ಅವರು ವಿನಯದಿಂದಲೇ ಅದನ್ನು ಕೈಯಿಂದ ತೆಗೆದುಕೊಂಡು, ಕೆಳಗೆ ಹೋಗಿ ಇಟ್ಟು, ಮತ್ತೆ ಮೇಲೆ ಬಂದು ಮಾತು ಮುಂದುವರಿಸಿದರು.

ಇಂಥವರಿಗೆ ಮರಳುಗಾಡಿನ ಹೂವಿನ ಹುಚ್ಚು ಹಿಡಿದದ್ದು ಹೇಗೆಂದು ಈಗ ಹೇಳಬೇಕು.

ನಮ್ಮ ಬಂದರಿಗೆ ದೀಪಾವಳಿಯ ಹಿಂದೆ ಮುಂದೆ ಅರಬಿ ಹಾಯಿಹಡಗುಗಳು ಖರ್ಜೂರ ಹೇರಿಕೊಂಡು ಬರುತ್ತವೆ. ಶಿವರಾತ್ರಿಯ ಹೊತ್ತಿಗೆ ಮರ, ಹಂಚು ತುಂಬಿಕೊಂಡು ಹೊರಡುತ್ತವೆ. ಹಂಚು ಒಡೆಯದಂತೆ ಹುಲ್ಲು ಸುತ್ತಿ ಅಡಕುವುದನ್ನು ನೋಡಿಕೊಳ್ಳಲು ಮೇಸ್ತ್ರಿ, ಎಣಿಸಿ ಬರೆಯಲು ನಾನು ಹೋಗುತ್ತಿದ್ದೆವು. ಅಲ್ಲಿ ಒಬ್ಬ ಮುದಿ ನಾಖುದಾ ಇದ್ದರು. ಹಡಗಿನ ಯಜಮಾನ, ಬಿಳಿ ಗಡ್ಡ, ಹಗ್ಗ ಹಿಡಿದು ಹಿಡಿದು ಮರದ ಬೇರಿನಂತಾದ ಬೆರಳು. ಅವರಿಗೂ ಮೇಸ್ತ್ರಿಗೂ ವರ್ಷಗಳ ಗೆಳೆತನ. ಇಬ್ಬರಿಗೂ ಸರಿಯಾಗಿ ಬಾರದ ಹಿಂದೂಸ್ತಾನಿಯಲ್ಲಿ ಇಬ್ಬರೂ ಸಲೀಸಾಗಿ ಮಾತಾಡುತ್ತಿದ್ದರು.

ನಾಖುದಾರಿಗೆ ನಮ್ಮ ಊರಿನ ಬಗ್ಗೆ ಒಂದೇ ದೂರು. ಎಲ್ಲಿ ನೋಡಿದರೂ ಹಸಿರು, ಕಣ್ಣಿಗೆ ಕೂರಲು ಜಾಗವೇ ಇಲ್ಲ. ಅವರ ಕಡೆ ಹಾಗಲ್ಲವಂತೆ. ಬರೀ ಮರಳು, ಮೊಣಕಾಲೆತ್ತರದ ಕಡ್ಡಿಗಿಡ. ಚಳಿಯಲ್ಲಿ ಒಂದೆರಡು ಮಳೆ ಬಿದ್ದರೆ ಆ ಕಡ್ಡಿಗಳೆಲ್ಲ ಚಿಗುರಿ, ಚಳಿ ಬಿಟ್ಟ ಮೇಲೆ ದಿನಗಟ್ಟಲೆ ನಡೆದರೂ ಮುಗಿಯದಷ್ಟು ಹಳದಿ ಹೂ. ಅರ್ಫಜ್ ಎಂದು ಅದರ ಹೆಸರು. ಚಿಕ್ಕಂದಿನಲ್ಲಿ ಆಡು ಮೇಯಿಸುವಾಗ ನೋಡಿದ್ದು. ಹತ್ತನೇ ವಯಸ್ಸಿಗೆ ಹಡಗು ಹತ್ತಿದ ಮೇಲೆ ಒಮ್ಮೆಯೂ ನೋಡಿಲ್ಲ. ಯಾಕೆಂದರೆ ಅದು ಹೂ ಬಿಡುವ ಕಾಲಕ್ಕೆ ಅವರು ಯಾವಾಗಲೂ ಸಮುದ್ರದಲ್ಲಿ, ಇಲ್ಲವೆ ನಮ್ಮಂಥವರ ಬಂದರಿನಲ್ಲಿ. ಅವರು ಮನೆ ಮುಟ್ಟುವಾಗ ಹೂ ಉದುರಿ, ಎಲೆ ಉದುರಿ, ಕಡ್ಡಿ ಮಾತ್ರ ಉಳಿದಿರುತ್ತದೆ.

ಮೇಸ್ತ್ರಿ ಇದನ್ನು ಹಂಚು ಎಣಿಸುವಷ್ಟೇ ಶ್ರದ್ಧೆಯಿಂದ ಕೇಳಿದರು. ಆ ಗಿಡವನ್ನು ಇಲ್ಲಿ ಬೆಳೆಸಿದರಾಯಿತು ಎಂದರು. ನಾಖುದಾ ನಮ್ಮ ಆಕಾಶವನ್ನು ತೋರಿಸಿ, ಮಳೆಗಾಲದಲ್ಲಿ ಇದಕ್ಕೆ ಬಾಯಿ ಮುಚ್ಚಲು ಬರುವುದಿಲ್ಲ, ಇದರ ಕೆಳಗೆ ಅರ್ಫಜ್ ಬೆಳೆಯುವುದುಂಟೇ ಎಂದು ನಕ್ಕರು. ಆದರೆ ಮುಂದಿನ ವರ್ಷ ಬರುವಾಗ ಒಂದು ತಂಬಾಕಿನ ಡಬ್ಬಿ ತಂದರು. ಅದರೊಳಗೆ ಒಣಗಿದ ಹೂವಿನ ತಲೆಗಳು, ನೋಡಲು ಆಡಿನ ಹಿಕ್ಕೆಯಂತೆ.

ಮೊದಲ ಸಲ ಅವನ್ನು ನಾವು ನಮ್ಮ ಕ್ರಮದಲ್ಲೇ ಬಿತ್ತಿದೆವು. ತೋಟದ ಕೆಂಪು ಮಣ್ಣು, ಹಟ್ಟಿಗೊಬ್ಬರ, ದಿನಕ್ಕೆರಡು ಸಲ ನೀರು. ಐದನೇ ದಿನ ಕುಂಡದಲ್ಲಿ ಬಿಳಿಯ ಬೂಷ್ಟು ಬೆಳೆಯಿತು. ಅದೊಂದು ಚೆನ್ನಾಗಿ ಬಂತು. ಮೇಸ್ತ್ರಿ ಕುಂಡವನ್ನು ಕವುಚಿ ಹಾಕಿ ನೇರ ಬಂದರಿಗೆ ನಡೆದರು. ನಾಖುದಾರ ಮುಂದೆ ಕೂತು, ಆ ಗಿಡ ಎಂಥ ಮರಳಿನಲ್ಲಿ ಇರುತ್ತದೆ, ಕಲ್ಲು ಎಷ್ಟು ದಪ್ಪ, ಬೇರು ಎಷ್ಟು ಆಳ, ಮಳೆ ಯಾವ ತಿಂಗಳು, ಬಿದ್ದ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಒಂದೊಂದೇ ಕೇಳಿಕೊಂಡರು. ಹತ್ತು ವರ್ಷದ ಹುಡುಗನಾಗಿ ಕಂಡದ್ದನ್ನು ಮುದುಕ ಕಣ್ಣು ಮುಚ್ಚಿ ನೆನಪು ಮಾಡಿ ಹೇಳಿದರು. ಬೀಜ ಬಿಡಿಸಬಾರದು, ಹೂವಿನ ತಲೆ ತಲೆಯನ್ನೇ ಇಡಬೇಕು. ಗಾಳಿ ಅದನ್ನು ಹಾಗೆಯೇ ಉರುಳಿಸಿಕೊಂಡು ಹೋಗುವುದು. ಬಿಸಿಲಿಗೆ ಅದು ಎಲೆ ಬಿಟ್ಟು ಸತ್ತವರ ಹಾಗೆ ಮಲಗುತ್ತದೆ, ಹೆದರಬಾರದು. ಆಗ ಅದಕ್ಕೆ ಏನೂ ಬೇಡ.

ಈ ಸಲ ಮೇಸ್ತ್ರಿ ಹೊಳೆಯ ಮರಳು ತಂದು, ತೊಳೆದು, ಭಟ್ಟಿಯಲ್ಲಿ ಸುಟ್ಟರು. ಒಡೆದ ಹಂಚನ್ನು ಕುಟ್ಟಿ, ಜರಡಿ ಹಿಡಿದು, ಅದಕ್ಕೆ ಬೆರೆಸಿದರು. ಕುಂಬಾರನಿಂದ ಮೊಣಕಾಲೆತ್ತರದ ಕುಂಡ ಮಾಡಿಸಿ ತಳದಲ್ಲಿ ಕೈ ತೂರುವಷ್ಟು ತೂತು ಬಿಡಿಸಿದರು. ಬೆಳಕು ಬೇಕಲ್ಲ, ಅಟ್ಟದ ದಕ್ಷಿಣ ಮೂಲೆಯಲ್ಲಿ ಒಂದು ಸಾಲು ಹಲಗೆ ಕಳಚಿ, ಮಾಡಿನ ಮಣ್ಣಿನ ಹಂಚು ತೆಗೆದು ಆರು ಗಾಜಿನ ಹಂಚು ಹೊದಿಸಿದರು. ಧಣಿಗಳಿಗೆ, ಆ ಮೂಲೆಯಲ್ಲಿ ಹಂಚಿನ ಬಣ್ಣ ಕಾಣುವುದಿಲ್ಲ ಎಂದು ಕಾರಣ ಹೇಳಿದ್ದರು. ಗಾಜಿನ ಹಂಚಿನ ಕೆಳಗೆ, ಭಟ್ಟಿಯ ಕಾವಿನ ಮೇಲೆ, ಮೂರು ಅಡಿ ಚದರದ ಅರಬಸ್ಥಾನ ತಯಾರಾಯಿತು.

ಅದಕ್ಕೆ ಮಳೆಯೂ ಅವರದೇ. ಮೊದಲ ಮಳೆ ಸುರಿಸಿದ ದಿನ ನಾನಿದ್ದೆ. ಕೆಲಸದವರೆಲ್ಲ ಊಟಕ್ಕೆ ಇಳಿದ ಮೇಲೆ ಅವರು ಒಂದು ತೆಂಗಿನ ಗೆರಟೆಯಲ್ಲಿ ನೀರನ್ನು ಅಂಗೈಯಿಂದ ಮುಚ್ಚಿ, ಕದ್ದ ಮಾಲಿನಂತೆ ಮೇಲೆ ತಂದರು. ತಾವೇ ಮಾಡಿದ ಕಟ್ಟಳೆಯನ್ನು ತಾವೇ ಮುರಿಯುವ ಸಂಕಟ ಮುಖದ ಮೇಲಿತ್ತು. ಸುರಿದು, ಗೆರಟೆಯನ್ನು ಪಂಚೆಯಿಂದ ಒರೆಸಿ, "ಇನ್ನು ಒಂದು ತಿಂಗಳು ಮಳೆ ಇಲ್ಲ" ಎಂದರು, ಸರ್ಕಾರದ ಹುಕುಂ ಓದಿದ ಹಾಗೆ.

ಇಟ್ಟ ಇಪ್ಪತ್ತು ತಲೆಗಳಲ್ಲಿ ಒಂದು ಮೊಳೆಯಿತು.

ನಾಖುದಾ ಆ ವರ್ಷ ಹೊರಡುವ ಮೊದಲು ಅದರ ಸುದ್ದಿ ಕೇಳಿ ಸಂತೋಷಪಟ್ಟರು. ಆಮೇಲೆ ಸಮಾಚಾರ ಹೇಳುವ ದನಿಯಲ್ಲಿ ಇನ್ನೊಂದು ಸಂಗತಿ ಹೇಳಿದರು. ಅವರ ಕಣ್ಣು ಹೋಗುತ್ತಿದೆ. ಒಳಗಿನ ನರವೇ ಸೋತಿದೆ, ಕತ್ತಿ ಹಾಕಿ ಫಲವಿಲ್ಲವೆಂದು ಮುಂಬಯಿಯ ಡಾಕ್ಟರರು ಹೇಳಿದ್ದಾರೆ. ಬರುವ ವರ್ಷದ ಪ್ರಯಾಣವೇ ಕೊನೆಯದು. ಅದೂ ಚುಕ್ಕಾಣಿ ಮಗನ ಕೈಯಲ್ಲಿ. ಆಮೇಲೆ ಮನೆಯಲ್ಲೇ ಇರುತ್ತೇನೆ, ಎದುರಿಗೇ ಹೂ ಅರಳುತ್ತದೆ, ಕಾಣುವುದಿಲ್ಲ ಅಷ್ಟೆ ಎಂದು ನಕ್ಕರು. ಮೇಸ್ತ್ರಿ ನಗಲಿಲ್ಲ. ಬರುವ ವರ್ಷ ನೀವು ಇಲ್ಲಿಂದ ಹೊರಡುವ ಮೊದಲು ಅದನ್ನು ನೋಡುತ್ತೀರಿ ಎಂದರು. ಹಿಂದಿರುಗುವ ದಾರಿಯಲ್ಲಿ ನಾನು, ಹೀಗೆ ಮಾತು ಕೊಟ್ಟುಬಿಟ್ಟಿರಲ್ಲ, ಒಂದು ವೇಳೆ ಅದು ಹೂ ಬಿಡದಿದ್ದರೆ, ಇಲಿ ಕಡಿದರೆ, ಭಟ್ಟಿ ಆರಿದರೆ, ಗಾಜಿನ ಹಂಚಿನ ಮೇಲೆ ತೆಂಗಿನಕಾಯಿ ಬಿದ್ದರೆ ಎಂದೆಲ್ಲ ಕೇಳಿದೆ. ಅವರು ತೆಂಗಿನಕಾಯಿಯ ವಿಷಯ ಮಾತ್ರ ಯೋಚಿಸಬೇಕಾದ್ದು ಎಂದು ಒಪ್ಪಿಕೊಂಡು, ಮರುದಿನ ಆ ಕಡೆಯ ತೆಂಗಿನ ಮರದ ಕಾಯಿ ಕೀಳಿಸಿದರು.

ತೆಂಗಿನಕಾಯಿ ಬೀಳಲಿಲ್ಲ. ಬಿದ್ದದ್ದು ನಾನು.

ಆ ಬೇಸಗೆಯಲ್ಲಿ ಮೇಸ್ತ್ರಿಗೆ ಕಾಮಾಲೆಯಾಯಿತು. ಗಿಡ ಹಳದಿಯಾಗುವ ಮೊದಲು ತಾನೇ ಆದೆನೆಂದು ಹೇಳಿ, ಬಜಪೆಯ ತಂಗಿಯ ಮನೆಗೆ ನಾಟಿಮದ್ದಿಗೆ ಹೊರಟರು. ಪಥ್ಯ ಒಂದು ತಿಂಗಳು. ಹೋಗುವ ಮೊದಲು ನನ್ನನ್ನು ಅಟ್ಟಕ್ಕೆ ಕರೆದರು.

"ರೈಟರೇ, ನಿಮಗೊಂದು ಕೆಲಸ ಉಂಟು. ಇದಕ್ಕೆ ಎಂತದೂ ಮಾಡ್ಬಾರ್ದು."

"ಎಂತದೂ ಅಂದ್ರೆ?"

"ಎಂತದೂ ಅಂದ್ರೆ ಎಂತದೂ. ದಿನಕ್ಕೊಮ್ಮೆ ಹತ್ತಿ ನೋಡಿ, ನೋಡಿ ಇಳೀರಿ. ಬೇರೆ ಯಾರಾದ್ರೂ ಮಾಡ್ಲಿಕ್ಕೆ ಬಂದ್ರೆ ಬಿಡ್ಬೇಡಿ. ಅಷ್ಟೇ."

ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡಿ, ಬೀದಿಯ ತುದಿಯಿಂದ ಹಿಂದೆ ಬಂದು ನಾಲ್ಕನೆಯ ಸಲ ಎಳೆಯುವ ಮನುಷ್ಯನಿಗೆ ಇಂಥ ಕೆಲಸವನ್ನು ಯಾರಾದರೂ ಕೊಡುತ್ತಾರೆಯೇ? ಹುಲಿಯನ್ನು ಕಟ್ಟಿಹಾಕಿ ಬಾ ಎಂದಿದ್ದರೆ ಪ್ರಯತ್ನಿಸುತ್ತಿದ್ದೆನೇನೋ. ಏನೂ ಮಾಡದೆ ಇರುವುದು ನನ್ನಿಂದ ಎಂದೂ ಆಗಿಲ್ಲ.

ಹತ್ತು ದಿನ ತಡೆದೆ. ಹನ್ನೊಂದನೇ ದಿನ ನೋಡಿದರೆ ಗಿಡದ ಬುಡದಲ್ಲಿ ಎಲೆಗಳು ಉದುರಿ ಬಿದ್ದಿವೆ. ಹದಿಮೂರನೇ ದಿನ ಒಂದೂ ಎಲೆ ಇಲ್ಲ. ಬೂದಿ ಬಣ್ಣದ ಐದಾರು ಕಡ್ಡಿ. ಸತ್ತವರ ಹಾಗೆ ಮಲಗುತ್ತದೆ ಎಂದು ನಾಖುದಾ ಹೇಳಿದ್ದು ನನಗೆ ನೆನಪಿಲ್ಲದೆ ಇರಲಿಲ್ಲ. ಆದರೆ ಸತ್ತವರ ಹಾಗೆ ಮಲಗುವುದಕ್ಕೂ ಸಾಯುವುದಕ್ಕೂ ನೋಡುವವನ ಕಣ್ಣಿಗೆ ಏನು ವ್ಯತ್ಯಾಸ? ಸತ್ತೇ ಹೋಗಿದ್ದರೆ? ಮುದುಕ ಬಂದು, ಮೇಸ್ತ್ರಿ ತಲೆ ತಗ್ಗಿಸಿ ನಿಂತು, ಎಲ್ಲರೂ ನನ್ನ ಕಡೆ ತಿರುಗಿದರೆ? ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಕಾರಣ ಕೇಳಿದಳು, ಹೇಳಿದೆ.

"ಅದು ಬಾಯಾರಿ ಸಾಯ್ತಾ ಉಂಟು, ನೀವು ನೋಡಿ ನೋಡಿ ಇಳಿದು ಬರ್ತೀರಿ," ಎಂದಳು. "ನನ್ನ ಮಲ್ಲಿಗೆ ನೋಡಿ. ದಿನಾ ಅಕ್ಕಿ ತೊಳೆದ ನೀರು. ಹೇಗುಂಟು?"

ಅವಳ ಮಲ್ಲಿಗೆ ನಿಜಕ್ಕೂ ಚೆನ್ನಾಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ನಮಗೆ ಒಣಗಿದ್ದನ್ನು ಕಂಡರೆ ಕೈ ತಾನಾಗಿ ಚೊಂಬಿನ ಕಡೆಗೆ ಹೋಗುತ್ತದೆ. ಆದರೆ ಅಟ್ಟಕ್ಕೆ ಚೊಂಬು ಒಯ್ಯುವ ಹಾಗಿಲ್ಲ. ಮೇಸ್ತ್ರಿ ಊರಲ್ಲಿಲ್ಲದಿದ್ದರೂ ಅವರ ಕೆಲಸದವರು ಬಿಡರು. ಹಾಗಾಗಿ ನಾನು ಆಫೀಸಿನ ದೊಡ್ಡ ಮಸಿ ಕುಪ್ಪಿಯೊಂದನ್ನು ತೊಳೆದು, ಅದರಲ್ಲಿ ಅಕ್ಕಿ ತೊಳೆದ ನೀರು ತುಂಬಿ, ಲೆಡ್ಜರು, ಲೇಖನಿ ಸಮೇತ ಮೇಲೆ ಹೋದೆ. ಹಂಚು ಎಣಿಸಿ ಬರೆಯಲು ಬಂದ ರೈಟರ ಕೈಯಲ್ಲಿ ಮಸಿ ಕುಪ್ಪಿ ಇದ್ದರೆ ಯಾರು ಸಂಶಯಪಡುತ್ತಾರೆ? ಮೊದಲ ದಿನ ಕಾಲು ಕುಪ್ಪಿ. ಏನೂ ಆಗಲಿಲ್ಲ. ಎರಡನೇ ದಿನ ಅರ್ಧ. ಆಮೇಲೆ ದಿನಕ್ಕೊಂದು. ಒಂಬತ್ತು ದಿನ. ಹತ್ತನೇ ದಿನ ಕಡ್ಡಿಯ ಬುಡ ಕಪ್ಪಾಗಿ, ಮುಟ್ಟಿದರೆ ಮೆತ್ತಗಿತ್ತು.

ಮೇಸ್ತ್ರಿ ತಿಂಗಳಿಗೆ ಎರಡು ದಿನ ಮೊದಲೇ ಬಂದರು. ಕಣ್ಣಿನಲ್ಲಿ ಇನ್ನೂ ಹಳದಿ ಹೋಗಿರಲಿಲ್ಲ. ನೇರ ಅಟ್ಟಕ್ಕೆ ಹತ್ತಿದರು. ಹಿಂದೆ ನಾನು, ಗಲ್ಲಿಗೆ ಹೋಗುವವನಂತೆ. ಅವರು ಗಿಡ ನೋಡಿದರು, ಒಂದು ಚಿಟಿಕೆ ಮರಳು ತೆಗೆದು ಮೂಗಿಗೆ ಹಿಡಿದರು. ಏನೂ ಕೇಳುವ ಮೊದಲೇ ನಾನು, ಗಾಜಿನ ಹಂಚಿನ ಸಂದಿನಲ್ಲಿ ಸೋರಿರಬೇಕು, ಮೊನ್ನೆ ಒಂದು ಬೇಸಗೆ ಮಳೆ ಬಂದಿತ್ತು ಎಂದೆ.

ಅವರು ಮರಳನ್ನು ಬೆರಳಿನಿಂದ ಉದುರಿಸಿ ನನ್ನನ್ನು ನೋಡಿದರು.

"ನಮ್ಮ ಮಾಡಿನಿಂದ ಅಕ್ಕಿ ತೊಳೆದ ನೀರು ಸೋರುವುದು ಉಂಟಾ, ರೈಟರೇ?"

ಭೂಮಿ ಬಾಯಿಬಿಡಲಿಲ್ಲ, ಅದು ಅಟ್ಟವಾದ್ದರಿಂದ ಬಿಟ್ಟರೂ ನಾನು ಭಟ್ಟಿಗೇ ಬೀಳುತ್ತಿದ್ದೆ. ಎಲ್ಲವನ್ನೂ ಒಪ್ಪಿಕೊಂಡೆ, ಮಸಿ ಕುಪ್ಪಿಯ ಸಮೇತ. ಅವರು ಬೈಯಲಿಲ್ಲ. ಪಥ್ಯದಲ್ಲಿದ್ದ ಮನುಷ್ಯ, ಉಪ್ಪಿಲ್ಲದ ಗಂಜಿ ಕುಡಿದು ಅರುವತ್ತು ಮೆಟ್ಟಿಲು ಹತ್ತಿದವರು, ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಮರಳನ್ನೆಲ್ಲ ಬಗೆದು ತೆಗೆದರು. ಬೇರು ಅರ್ಧಕ್ಕರ್ಧ ಕೊಳೆತಿತ್ತು. ಹಂಚಿನ ಅಂಚು ಹೆರೆಯುವ ಕತ್ತಿಯಿಂದ ಕೊಳೆತದ್ದನ್ನು ಕೊಯ್ದರು. ಐದು ಕೊಂಬೆಯಲ್ಲಿ ನಾಲ್ಕು ಹೋಯಿತು. ಉಳಿದದ್ದನ್ನು ಬೇಗ ಒಣ ಮರಳಿಗೆ ಹಾಕಿ ಕಾವಿನ ಹತ್ತಿರ ಇಡೋಣವೆಂದು ನಾನು ಅವಸರಿಸಿದೆ.

"ನೆನೆದದ್ದನ್ನು ಒಮ್ಮೆಲೇ ಕಾವಿಗೆ ಕೊಟ್ರೆ ಸೀಳ್ತದೆ," ಎಂದರು. "ಹಂಚಾದ್ರೂ ಅಷ್ಟೇ, ಬೇರಾದ್ರೂ ಅಷ್ಟೇ."

ಅವರು ಅದನ್ನು ಹಸಿ ಹಂಚಿನಂತೆಯೇ ಒಣಗಿಸಿದರು. ಭಟ್ಟಿಯಿಂದ ದೂರದ, ಗಾಳಿ ಬರುವ ಕಡೆಯ ಹಲಗೆಯಲ್ಲಿ ಮೊದಲ ದಿನ. ಮರುದಿನ ಒಂದು ಹಲಗೆ ಹತ್ತಿರ. ಅದರ ಮರುದಿನ ಇನ್ನೊಂದು. ಹೀಗೆ ಹದಿನೆಂಟು ದಿನ ಆ ಕುಂಡ ಅಟ್ಟದ ಒಂದು ತುದಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡಿ ಗಾಜಿನ ಹಂಚಿನ ಕೆಳಗೆ ಮರಳಿತು. ಅದನ್ನು ಎತ್ತಿ ಇಡುವವನು ನಾನು, ತೋರಿಸುವವರು ಅವರು. ಅವರ ಮೌನ ನನಗೆ ತಡೆಯಲಾಗದೆ ಒಂದು ದಿನ, ದಯವಿಟ್ಟು ಒಮ್ಮೆ ಸರಿಯಾಗಿ ಬೈದುಬಿಡಿ ಎಂದು ಕೇಳಿಕೊಂಡೆ.

"ಬೈದ್ರೆ ನಿಮಗೆ ಸಮಾಧಾನ ಆಗ್ತದೆ," ಎಂದರು. "ಸ್ವಲ್ಪ ದಿನ ಹಾಗೇ ಇರಿ."

ಮಳೆಗಾಲ ಬಂತು, ಹೋಯಿತು. ಹೊರಗೆ ಊರು ನೆನೆಯುವಾಗ ಆ ಒಂಟಿ ಕಡ್ಡಿ ಬೆಚ್ಚಗೆ ನಿದ್ದೆ ಮಾಡಿತು. ನಾನು ಮಾಡಲಿಲ್ಲ. ನವರಾತ್ರಿ ಕಳೆದ ಮೇಲೆ ಮೇಸ್ತ್ರಿ ಒಂದು ಗೆರಟೆ ಮಳೆ ಸುರಿಸಿದರು. ಎಂಟು ದಿನಕ್ಕೆ ಕಡ್ಡಿಯ ತುದಿಯಲ್ಲಿ ಎಳ್ಳುಕಾಳಿನಷ್ಟು ಹಸಿರು ಕಂಡಿತು. ಅದನ್ನು ನನಗೆ ತೋರಿಸುವಾಗ ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡಿದ್ದರು. ಪ್ರೀತಿಯಿಂದ ಎಂದುಕೊಂಡಿದ್ದೆ, ಮುಟ್ಟದಿರಲೆಂದು ಹಿಡಿದದ್ದಂತೆ.

ದೀಪಾವಳಿಗೆ ಹಡಗು ಬಂತು. ನಾಖುದಾರನ್ನು ಮಗ ತೋಳು ಹಿಡಿದು ಇಳಿಸಿದ. ಎದುರಿಗಿದ್ದವರನ್ನು ಅವರು ದನಿಯಿಂದ ಗುರುತಿಸುತ್ತಿದ್ದರು. ಬಿಸಿಲಿನಲ್ಲಿ, ತೀರ ಹತ್ತಿರ ಹಿಡಿದ ವಸ್ತು ಮಾತ್ರ ಕಾಣುತ್ತಿತ್ತು. ಗಿಡದ ವಿಷಯ ಅವರಾಗಿ ಕೇಳಲಿಲ್ಲ. ಅದು ನಮಗೆ ಇನ್ನೂ ಕಷ್ಟವಾಯಿತು. ಮರ ತುಂಬಿದರು, ಹಂಚು ತುಂಬಿದರು, ತಿಂಗಳುಗಳು ಹೋದವು. ಗಿಡಕ್ಕೆ ಎಲೆ ಬಂತು, ಮೊಗ್ಗು ಬರಲಿಲ್ಲ. ಶಿವರಾತ್ರಿಗೆ ಹತ್ತು ದಿನವಿರುವಾಗ ಒಂದು ಮೊಗ್ಗು ಕಂಡಿತು, ಕೊತ್ತಂಬರಿ ಕಾಳಿನಷ್ಟು. ಹಡಗು ಹೊರಡುವುದು ಶಿವರಾತ್ರಿಯ ಮರುದಿನ ಕಡಲಿನ ಭರತಕ್ಕೆಂದು ಗೊತ್ತಾಗಿತ್ತು. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಲೆ ಹತ್ತಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಮೊಗ್ಗನ್ನು ನೋಡಿ ಇಳಿಯುತ್ತಿದ್ದೆ. ಕೊನೆಗೂ ನೋಡಿ ಇಳಿಯಲು ಕಲಿತಿದ್ದೆ.

ಶಿವರಾತ್ರಿಯ ದಿನ ಬೆಳಿಗ್ಗೆ ಅದು ಅರಳಿತ್ತು. ಒಂದೇ ಹೂ. ಪಾವಲಿ ನಾಣ್ಯದಷ್ಟು ಅಗಲ, ಅರಿಶಿನಕ್ಕಿಂತ ಒಂದು ಬಣ್ಣ ತಿಳಿ. ಚಂದವೇ ಎಂದು ಕೇಳಿದರೆ, ನಮ್ಮ ಗುಡ್ಡದಲ್ಲಿ ಅದಕ್ಕಿಂತ ಚಂದದ್ದನ್ನು ದನ ಮೇಯುತ್ತದೆ.

ಕುಂಡವನ್ನು ಬಂದರಿಗೆ ಒಯ್ಯುವುದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. ಹೊಳೆಯ ತೇವದ ಗಾಳಿ ತಾಗಿದರೆ, ಗಾಡಿ ಕುಲುಕಿದರೆ ಉದುರುತ್ತದೆ. ನಾಖುದಾರೇ ಬರಬೇಕು. ಬಂದರು. ಆದರೆ ಅರುವತ್ತು ಮೆಟ್ಟಿಲು ಅವರ ಮೊಣಕಾಲಿಗೆ ಆಗುವ ಮಾತಲ್ಲ. ಹಸಿ ಹಂಚು ಮೇಲಕ್ಕೆ ಏರಿಸಲು ಹಗ್ಗ, ರಾಟೆ ಕಟ್ಟಿದ ಒಂದು ಹಲಗೆಯ ತೊಟ್ಟಿಲಿತ್ತು. ಮೇಸ್ತ್ರಿ ಅದರಲ್ಲಿ ಹುಲ್ಲು ಹಾಸಿ, ಎಷ್ಟೋ ಸಮುದ್ರ ದಾಟಿದ ಮನುಷ್ಯನನ್ನು ಕೂರಿಸಿದರು. ನಾಲ್ವರು ಹಗ್ಗ ಎಳೆದರು. ಬಿರುಗಾಳಿಗೆ ಹೆದರದ ನಾಖುದಾ ಎರಡೂ ಕೈಯಿಂದ ಹಗ್ಗ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ದೇವರ ಹೆಸರು ಹೇಳುತ್ತ ಮೇಲೇರಿದರು. ಒಡೆಯುವ ಸಾಮಾನು, ನಿಧಾನ ಎಂದು ಮೇಸ್ತ್ರಿ ಮೇಲಿನಿಂದ ಹೇಳುತ್ತಿದ್ದರು.

ಹೊತ್ತು ಸರಿಯಾಗಿ ಮಧ್ಯಾಹ್ನ. ಅದನ್ನೂ ಮೇಸ್ತ್ರಿ ಲೆಕ್ಕ ಹಾಕಿದ್ದರು. ಗಾಜಿನ ಹಂಚಿನಿಂದ ಬಿಸಿಲು ಕಂಬದಂತೆ ಇಳಿದು ಕುಂಡದ ಮೇಲೆ ನಿಂತಿತ್ತು. ನಾಖುದಾರನ್ನು ಕೈಹಿಡಿದು ಕರೆತಂದು ಅದರ ಮುಂದೆ ಕೂರಿಸಿದರು. ಮುದುಕ ಮುಖವನ್ನು ಮುಂದೆ ತಂದರು, ಇನ್ನೂ ಮುಂದೆ, ಹೂವಿಗೂ ಕಣ್ಣಿಗೂ ನಡುವೆ ಒಂದು ಗೇಣು ಉಳಿಯುವವರೆಗೆ. ಅಲ್ಲೇ ತಡೆದರು. ಕಾಣುತ್ತದೋ ಇಲ್ಲವೋ? ಕಾಣದಿದ್ದರೂ ನಮ್ಮ ಮನಸ್ಸು ನೋಯಬಾರದೆಂದು ಕಂಡಿತು ಎನ್ನುತ್ತಾರೋ? ನಾನು ಮತ್ತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಇದರಲ್ಲಿ ಒಂದು ದಳ ಗಿಡ್ಡ ಉಂಟು," ಎಂದರು ಕೊನೆಗೆ ತಮ್ಮ ಹಿಂದೂಸ್ತಾನಿಯಲ್ಲಿ.

ನಾವಿಬ್ಬರೂ ಬಗ್ಗಿ ನೋಡಿದೆವು. ಹೌದು, ಒಂದು ದಳ ಉಳಿದವುಗಳಿಗಿಂತ ಗಿಡ್ಡವಿತ್ತು. ಬೆಳಿಗ್ಗೆಯಿಂದ ಹತ್ತು ಸಲ ನೋಡಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವರು ಬಹಳ ಹೊತ್ತು ಹಾಗೆಯೇ ಕೂತರು. ಬಿಸಿಲು ಕುಂಡದಿಂದ ಸರಿಯುವ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ, ಬೇಸಗೆಯಲ್ಲಿ ಇದು ಸತ್ತ ಹಾಗೆ ಕಂಡಿರಬೇಕಲ್ಲ, ಆಗ ಯಾರೂ ಕಿತ್ತೆಸೆಯಲಿಲ್ಲವೇ, ಯಾರು ನೋಡಿಕೊಂಡರು ಎಂದು ಕೇಳಿದರು.

ಮೇಸ್ತ್ರಿ ಒಂದು ಕ್ಷಣವೂ ತಡಮಾಡದೆ ನನ್ನನ್ನು ಮುಂದೆ ತಳ್ಳಿದರು. ತಮಗೆ ಕಾಮಾಲೆ ಬಂದು ಮಲಗಿದ್ದಾಗ ಗಿಡವನ್ನು ನೋಡಿಕೊಂಡವರು ಈ ರೈಟರ್, ದಿನವೂ ತಪ್ಪದೆ ಮೆಟ್ಟಿಲು ಹತ್ತಿ ಬರುತ್ತಿದ್ದರು ಎಂದರು.

ನಾಖುದಾ ನನ್ನ ಕೈಗಳಿಗಾಗಿ ಗಾಳಿಯಲ್ಲಿ ತಡವಿದರು. ಸಿಕ್ಕಿದ ಮೇಲೆ ಎರಡನ್ನೂ ಎತ್ತಿ ತಮ್ಮ ಕಣ್ಣಿಗೆ ಒತ್ತಿಕೊಂಡರು, ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ. ರೆಪ್ಪೆಗಳು ಬೆಚ್ಚಗೆ, ಸ್ವಲ್ಪ ಒದ್ದೆಯಾಗಿದ್ದವು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅಕ್ಕಿ ತೊಳೆದ ನೀರಿಗೆ ಹಿಂದೂಸ್ತಾನಿಯಲ್ಲಿ ಏನನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಅವರನ್ನು ತೊಟ್ಟಿಲಿನಲ್ಲಿ ಕೂರಿಸಿ ಇಳಿಸಲು ಶುರು ಮಾಡಿದಾಗ ನಾನು ಮೇಸ್ತ್ರಿಯನ್ನು ಪಕ್ಕಕ್ಕೆ ಎಳೆದು, ದೊಡ್ಡ ಮನುಷ್ಯರ ಮುಂದೆ ಅಂಥ ಸುಳ್ಳನ್ನು ಯಾಕೆ ಹೇಳಿದಿರಿ, ನಾನು ಇನ್ನು ಮಲಗುವುದು ಹೇಗೆ ಎಂದು ಕೇಳಿದೆ. ಅವರ ಕಣ್ಣು ಇಳಿಯುತ್ತಿದ್ದ ಹಗ್ಗದ ಮೇಲೆಯೇ ಇತ್ತು.

"ಸುಳ್ಳೆಂತ ಮಾರಾಯ್ರೇ? ನೀವು ನೋಡಿಕೊಂಡದ್ದು ಹೌದಲ್ಲ," ಎಂದರು. "ಸ್ವಲ್ಪ ಜಾಸ್ತಿ ನೋಡಿಕೊಂಡಿರಿ, ಅಷ್ಟೇ."